ಪಹಣಿಯ ಹಿಂದಣ ಯಂತ್ರ: ಬಯಾಸ್ ಚರಿತ್ರೆಯ ಕೆಲವು ಪುಟಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೈತನಿಗೆ ತನ್ನ ಹೊಲದ ಮುಖ್ಯ ಸಾಕ್ಷಿಯಾಗಿ, ಮೊದಲು ಶಾನುಭೋಗರ, ತರುವಾಯ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಯೆಂಬ ಭೂದಾಖಲೆಯು, 2001ರ ಆಸುಪಾಸಿನಲ್ಲಿ 'ಭೂಮಿ' ಯೋಜನೆಯ ಮೂಲಕ ಗಣಕಯಂತ್ರವನ್ನು ಹೊಕ್ಕಿತು. ರಾಜ್ಯದ 177 ತಾಲ್ಲೂಕು ಕಚೇರಿಗಳಲ್ಲಿ, ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಹೀಗೆ ರೂಪಾಂತರ ಹೊಂದಲಾಗಿ, ತಾವರೆಕೆರೆಯ ರೈತನು ಶಿರಾಕ್ಕೆ ಬಂದು 15 ರೂಪಾಯಿ ತೆತ್ತು ಅಚ್ಚಾದ ಪ್ರತಿಯನ್ನು ಪಡೆಯುವಂತಾಯಿತು. ಗೆದ್ದಲಿನ ಭಯವೂ ತಿದ್ದುವ ಲೇಖನಿಯ ಭಯವೂ ತಗ್ಗಿದವು. ಡಿಸ್ಕಿನ ಮೇಲಣ ದತ್ತಾಂಶವೇ ಕೆಟ್ಟೀತೆಂಬ ನೂತನ ಭಯ ಹುಟ್ಟಿತು. ಇಂತಹ ಕೇಡಿಗೆ ಜನರು ಹಾರ್ಡ್ ಡಿಸ್ಕನ್ನೇ ದೂರುವುದು ವಾಡಿಕೆ. ಆದರೆ ಡಿಸ್ಕಿಗೂ ಮದರ್‌ಬೋರ್ಡಿಗೂ ವಿಳಾಸಗಳ ಎಣಿಕೆಯಲ್ಲಿಯೋ ವೇಗದಲ್ಲಿಯೋ ಹೊಂದಿಕೆ ತಪ್ಪಿದುದೇ ಅನೇಕ ಸಂದರ್ಭಗಳಲ್ಲಿ ಮೂಲಕಾರಣವೆಂದು ಗಣಕಗಳ ಪೂರ್ವೇತಿಹಾಸವು ತೋರಿಸುತ್ತದೆ; ಆ ಹೊಂದಿಕೆಯನ್ನು ನಿರ್ಣಯಿಸುವುದು, ಗಣಕ ಎದ್ದೊಡನೆ ಮೊದಲು ನಡೆಯುವ ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್.

1984ರಲ್ಲಿ ಐಬಿಎಂ ಸಂಸ್ಥೆಯ 'ಎಟಿ' ಗಣಕವು ತನ್ನ ಡಿಸ್ಕಿನ ಜಾತಿಯನ್ನು ಒಂದು ಸಂಖ್ಯೆಯಾಗಿ, ಬ್ಯಾಟರಿಯ ಆಸರೆಯಿಂದ ಬದುಕುವ ಸಿಮಾಸ್ ಸ್ಮೃತಿಯಲ್ಲಿ ಬರೆದಿಟ್ಟುಕೊಂಡಿತು. ಬ್ಯಾಟರಿ ಸತ್ತರೆ ಯಂತ್ರಕ್ಕೆ ವಿಸ್ಮೃತಿ. ಮರಳಿ ತಪ್ಪು ಸಂಖ್ಯೆ ನಮೂದಿಸಿ ಬರೆಯತೊಡಗಿದರೆ, ಮಾಹಿತಿಯು ಇರಬೇಕಾದ ಸ್ಥಳದಲ್ಲಿರದೆ ಮತ್ತೊಂದರ ಮೇಲೆ ಬೀಳುತ್ತಿದ್ದಿತು. 1024 ಸಿಲಿಂಡರ್, 16 ಹೆಡ್, 63 ಸೆಕ್ಟರುಗಳ ಮಿತಿಯಿಂದಾಗಿ 528 ಮೆಗಾಬೈಟಿಗೆ ನಿಂತುಹೋಗಿದ್ದ ಎಣಿಕೆಯನ್ನು ಮೀರಲು 1990ರ ದಶಕದ ನಡುವಿನಲ್ಲಿ ಹಳೆಯ 'ನಾರ್ಮಲ್' ಜೊತೆಗೆ 'ಲಾರ್ಜ್', 'ಎಲ್‌ಬಿಎ' ಎಂಬ ಎರಡು ಕ್ರಮಗಳು ಬಯಾಸಿನ ಪಟ್ಟಿಯಲ್ಲಿ ಕಾಣಿಸಿಕೊಂಡುವು. ಒಂದು ಕ್ರಮದಲ್ಲಿ ಭಾಗ ಮಾಡಿದ ಡಿಸ್ಕನ್ನು ಮತ್ತೊಂದರಲ್ಲಿ ತೆರೆದು ಬರೆದವನು, ತನ್ನ ಹೊಲವೆಂದು ನೆರೆಯವನ ಹೊಲವನ್ನು ಉತ್ತವನಂತೆಯೇ ಸರಿ. 137 ಗಿಗಾಬೈಟಿನ ಎಲ್ಲೆಯ ಬಳಿ ಇದೇ ಪ್ರಮಾದ ಮರುಕಳಿಸಿತು: 48 ಬಿಟ್ಟಿನ ವಿಳಾಸವನ್ನರಿಯದ ವ್ಯವಸ್ಥೆಯು ಎಲ್ಲೆ ಮೀರಿದ ಬರಹವನ್ನು ಸುತ್ತುಹಾಕಿಸಿ ಡಿಸ್ಕಿನ ಆರಂಭದ ಮೇಲೆಯೇ ಹೇರಿತು.

ವೇಗದ ಕಥೆ ಇನ್ನೂ ವಿಷಾದಕರವಾದುದು. 1995ರಲ್ಲಿ ಆರ್‌ಜಡ್1000, ಸಿಎಂಡಿ640 ಎಂಬ ಡಿಸ್ಕ್ ನಿಯಂತ್ರಕಗಳು, ಮುಂಚಿತವಾಗಿ ಓದಿಕೊಳ್ಳುವ ಚುರುಕುತನದಿಂದಲೇ ದತ್ತಾಂಶವನ್ನು ಕೆಡಿಸುತ್ತಿದ್ದುವೆಂಬುದು ಬಯಲಾಗಿ, ಆ ಸೌಕರ್ಯವನ್ನು ನಿಲ್ಲಿಸುವುದೇ ಪರಿಹಾರವಾಯಿತು. ಪಹಣಿಗಳು ಗಣಕವನ್ನು ಸೇರುತ್ತಿದ್ದ 2001ರಲ್ಲಿಯೇ, ವಿಯಾ ಸಂಸ್ಥೆಯ 686ಬಿ ಚಿಪ್ಪುಳ್ಳ ಬೋರ್ಡುಗಳಲ್ಲಿ ದೊಡ್ಡ ಕಡತಗಳ ವರ್ಗಾವಣೆ ಕೆಡತೊಡಗಿ, ಹೊಸ ಬಯಾಸ್ ಹೊರಡಿಸಬೇಕಾಯಿತು. ಇವು ತಯಾರಕರ ದೋಷ; ಬಳಕೆದಾರನ ಆತುರವೂ ಕಡಿಮೆಯದಲ್ಲ. 33 ಮೆಗಾಹರ್ಟ್ಸ್‌ನಲ್ಲಿ ನಡೆಯತಕ್ಕ, ಡಿಸ್ಕಿನ ದತ್ತಾಂಶವನ್ನು ಹೊರುವ ಪಿಸಿಐ ಬಸ್ಸು, ಪ್ರೊಸೆಸರಿನ ಬಸ್ಸನ್ನು 83ಕ್ಕೇರಿಸಿದೊಡನೆ 41ನ್ನು ದಾಟಿ, ದತ್ತಾಂಶವನ್ನು ಕೆಡಿಸುವ ಸಂಭವವಿದ್ದಿತು. ಡಿಸ್ಕ್ ವರ್ಗಾವಣೆಯ ಅಲ್ಟ್ರಾ ಡಿಎಂಎ ಕ್ರಮದ ಸಿಆರ್‌ಸಿ ಪರೀಕ್ಷೆ ಕೇಬಲಿನ ದೋಷವನ್ನು ಹಿಡಿಯುವುದುಂಟು. ಆದರೆ ಅತಿವೇಗಕ್ಕೆ ಸಿಲುಕಿದ ರ‍್ಯಾಮ್ ಮೊದಲೇ ಕೆಡಿಸಿ ಕಳುಹಿದುದನ್ನು ಅದು ಪ್ರಾಮಾಣಿಕವಾಗಿ ತಲಪಿಸುತ್ತದೆ, ಅಷ್ಟೆ!

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಹಳೆಯ ಯಂತ್ರಗಳನ್ನು ಇಂದಿಗೂ ನಡೆಸುತ್ತಿರುವ ವಾಚಕರಲ್ಲಿ ಒಂದು ವಿಜ್ಞಾಪನೆ. ಬೋರ್ಡಿನ ಬ್ಯಾಟರಿಯನ್ನು ಬದಲಿಸುವ ಮುನ್ನ ಡಿಸ್ಕಿನ ಕ್ರಮವನ್ನು ಕಾಗದದಲ್ಲಿ ಗುರುತುಹಾಕಿಕೊಳ್ಳಿರಿ; ವೇಗವರ್ಧನೆಗಳೆಲ್ಲವನ್ನೂ ತೆಗೆದುಹಾಕಿರಿ; ಹಳೆಯ ಕಡತಗಳು ಸರಿಯಾಗಿ ತೆರೆಯುವುವೆಂದು ಓದಿ ನೋಡುವವರೆಗೆ ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿರಿ.