ಟ್ಯೂಡರ್ ಆಸ್ಥಾನದ ಸ್ತ್ರೀಯರು

1485ರಿಂದ 1603ರವರೆಗೆ ಇಂಗ್ಲೆಂಡನ್ನು ಆಳಿದ ಟ್ಯೂಡರ್ ಅರಸರ ಆಸ್ಥಾನದಲ್ಲಿ ಅಡುಗೆಮನೆಯಿಂದ ಕುದುರೆಲಾಯದವರೆಗೆ ಬಹುತೇಕ ಎಲ್ಲ ಕೆಲಸಗಳೂ ಗಂಡಸರ ಪಾಲಿನವು. ಹೆಂಗಸರಿಗೆ ಉಳಿದಿದ್ದುದು ಬಟ್ಟೆ ಒಗೆಯುವಂಥ ಕೆಲವು ಕೆಲಸಗಳು ಮತ್ತು ರಾಣಿಯ ಊಳಿಗ. ಈ ಊಳಿಗವನ್ನು ಬರಿಯ ಒಡನಾಟವೆಂದು ತಿಳಿಯುವುದು ತಪ್ಪು. ಪ್ರಮಾಣವಚನ, ಸಂಬಳ, ದರ್ಜೆಗಳಿದ್ದ ಹುದ್ದೆ ಅದು. ಮದುವೆಯಾದ ಕುಲೀನ ಸ್ತ್ರೀಯರು, ಮದುವೆಯಾಗದ ಗೌರವಕನ್ಯೆಯರು, ಕೋಣೆಯ ಪರಿಚಾರಿಕೆಯರು ಎಂಬ ಶ್ರೇಣಿಗಳಿದ್ದವು. ಕನ್ಯೆಯರ ನಡತೆಯ ಮೇಲೆ ಕಣ್ಣಿಡಲು ಒಬ್ಬ ಹಿರಿಯಳೂ ಇರುತ್ತಿದ್ದಳು.

ಮಗಳಿಗೆ ಇಲ್ಲೊಂದು ಸ್ಥಾನ ಸಿಕ್ಕರೆ ಇಡೀ ಮನೆತನಕ್ಕೆ ದಾರಿ ತೆರೆದಂತೆ. ಕ್ಯಾಲೆಯಲ್ಲಿ ಅರಸನ ಪ್ರತಿನಿಧಿಯಾಗಿದ್ದ ಲಾರ್ಡ್ ಲೈಲ್‌ನ ಹೆಂಡತಿ ಆನರ್, 1537ರಲ್ಲಿ ಗರ್ಭಿಣಿಯಾಗಿದ್ದ ರಾಣಿ ಜೇನ್ ಸೀಮೋರ್‌ಗೆ ಅವಳು ಬಯಸಿದ ಲಾವಕ್ಕಿಗಳನ್ನು ಕಳಿಸುತ್ತಿದ್ದಳು. ರಾಣಿ ಅವಳ ಇಬ್ಬರು ಹೆಣ್ಣುಮಕ್ಕಳನ್ನೂ ಕರೆಸಿ ನೋಡಿ ಆನ್ ಬ್ಯಾಸೆಟ್‌ಳನ್ನು ಆರಿಸಿದಳು. ಹುಡುಗಿಯ ಫ್ರೆಂಚ್ ಶೈಲಿಯ ಶಿರೋವಸ್ತ್ರ ರಾಣಿಗೆ ಒಪ್ಪಿಗೆಯಾಗಲಿಲ್ಲ. ಅದನ್ನು ಬದಲಿಸಬೇಕಾಯಿತು, ಮುತ್ತಿನ ಸೊಂಟಪಟ್ಟಿಗೂ ಖರ್ಚು ಬಿತ್ತು. ವರ್ಷಕ್ಕೆ ಸಿಗುತ್ತಿದ್ದ 10 ಪೌಂಡ್ ಸಂಬಳ ಬಟ್ಟೆಬರೆಗೂ ಸಾಲದು. ಆ ಅಕ್ಟೋಬರ್ 12ರಂದು ಎಡ್ವರ್ಡ್‌ನನ್ನು ಹೆತ್ತ ಜೇನ್ 24ರಂದು ತೀರಿಕೊಂಡಳು, ಆನ್‌ಳ ಹುದ್ದೆಯೂ ಅಲ್ಲಿಗೆ ಮುಗಿಯಿತು.

ಹೆರಿಗೆಗೆ ಸುಮಾರು ಒಂದು ತಿಂಗಳ ಮೊದಲೇ ರಾಣಿ ಕಿಟಕಿಗಳಿಗೆ ಪರದೆ ಇಳಿಬಿಟ್ಟ ಕೋಣೆ ಸೇರುತ್ತಿದ್ದಳು. ಅಲ್ಲಿಗೆ ಗಂಡಸರ ಪ್ರವೇಶ ನಿಂತು, ಬಡಿಸುವುದರಿಂದ ಹಿಡಿದು ಅವರ ಕೆಲಸಗಳೆಲ್ಲ ಹೆಂಗಸರ ಕೈಗೆ ಬರುತ್ತಿದ್ದವು. ಇಷ್ಟು ಏರ್ಪಾಡು ಇದ್ದೂ ಬಾಣಂತನದ ಸಾವು ತಪ್ಪಲಿಲ್ಲ. ಏಳನೆಯ ಹೆನ್ರಿಯ ರಾಣಿ ಎಲಿಜಬೆತ್ 1503ರಲ್ಲಿ ತನ್ನ 37ನೆಯ ಹುಟ್ಟುಹಬ್ಬದಂದೇ ಹೆರಿಗೆಯ ನಂತರ ಕಣ್ಮುಚ್ಚಿದಳು.

ಎಂಟನೆಯ ಹೆನ್ರಿಯ ಆರು ರಾಣಿಯರಲ್ಲಿ ಆನ್ ಬೋಲಿನ್, ಜೇನ್ ಸೀಮೋರ್, ಕ್ಯಾಥರೀನ್ ಹೋವರ್ಡ್ ಮೂವರೂ ತಮಗಿಂತ ಹಿಂದಿನ ರಾಣಿಯ ಊಳಿಗದಲ್ಲಿದ್ದವರೇ. ಅರಸನ ಕಣ್ಣಿಗೆ ಬಿದ್ದದ್ದನ್ನು ಭಾಗ್ಯವೆಂದು ಕರೆಯುವುದು ಕಷ್ಟ: ಇವರಲ್ಲಿ ಇಬ್ಬರ ತಲೆ ಉರುಳಿತು. ಕ್ಯಾಥರೀನ್‌ಳ ಗುಟ್ಟಿನ ಭೇಟಿಗಳಿಗೆ ನೆರವಾದಳೆಂದು ಅವಳ ಊಳಿಗದ ಲೇಡಿ ರಾಚ್‌ಫರ್ಡ್‌ಳನ್ನೂ 1542ರ ಫೆಬ್ರವರಿ 13ರಂದು ಅವಳೊಂದಿಗೇ ಕೊಲ್ಲಲಾಯಿತು.

ಒಂದನೆಯ ಮೇರಿ, ಒಂದನೆಯ ಎಲಿಜಬೆತ್ ತಾವೇ ಪಟ್ಟಕ್ಕೆ ಬಂದಾಗ ಒಳಕೋಣೆಯ ಸೇವೆ ಸಹಜವಾಗಿ ಹೆಂಗಸರದಾಯಿತು. ಅವರಿಗೆ ಮಂತ್ರಿಪದವಿ ಸಿಗದಿದ್ದರೂ ರಾಣಿಯ ಕಿವಿ ಅವರಿಗೆ ಹತ್ತಿರವಿತ್ತು. ಕಾಗದಪತ್ರ ಒಯ್ಯುವ ಮೊದಲು ಒಳಕೋಣೆಯವರಿಂದ ರಾಣಿಯ ಮನಃಸ್ಥಿತಿ ತಿಳಿದುಕೊಳ್ಳಬೇಕೆಂದು ಅನುಭವಿ ಅಧಿಕಾರಿ ರಾಬರ್ಟ್ ಬೀಲ್ 1592ರಲ್ಲಿ ಬರೆದಿಟ್ಟಿದ್ದಾನೆ. ಎಲಿಜಬೆತ್‌ಳನ್ನು ತೊಟ್ಟಿಲಿನಿಂದಲೇ ಕಂಡಿದ್ದ ಬ್ಲಾಂಚ್ ಪ್ಯಾರಿ 1590ರಲ್ಲಿ ಸಾಯುವವರೆಗೂ ಜೊತೆಗಿದ್ದವಳು. ರಾಣಿಯ ಒಡವೆ, ಪುಸ್ತಕಗಳು ಅವಳ ಸುಪರ್ದಿಯಲ್ಲಿದ್ದವು. 1562ರಲ್ಲಿ ಸಿಡುಬಿಗೆ ತುತ್ತಾದ ರಾಣಿಯ ಶುಶ್ರೂಷೆ ಮಾಡಿದ ಮೇರಿ ಸಿಡ್ನಿಗೂ ಸಿಡುಬು ತಗಲಿ ಮುಖ ವಿಕಾರವಾಯಿತು.

ಇಷ್ಟು ಹತ್ತಿರವಿದ್ದ ಹೆಣ್ಣಿಗೂ ತನ್ನ ಮದುವೆಯ ಮೇಲೆ ಹಕ್ಕಿರಲಿಲ್ಲ. ಏಳನೆಯ ಹೆನ್ರಿಯ ವಂಶದ ಕ್ಯಾಥರೀನ್ ಗ್ರೇ 1560ರಲ್ಲಿ ಗುಟ್ಟಾಗಿ ಮದುವೆಯಾಗಿ, ಬಸುರಿಯಾಗಿರುವಾಗಲೇ ಲಂಡನ್ ಟವರ್ ಸೇರಿದಳು. 1568ರಲ್ಲಿ ಸಾಯುವಾಗಲೂ ಅವಳಿಗೆ ಬಿಡುಗಡೆಯಿರಲಿಲ್ಲ. ವಾಲ್ಟರ್ ರಾಲಿಯನ್ನು ವರಿಸಿದ ಗೌರವಕನ್ಯೆ ಬೆಸ್ ಥ್ರಾಕ್‌ಮಾರ್ಟನ್‌ಳೂ 1592ರಲ್ಲಿ ಟವರ್ ಕಂಡಳು.

ಇವರ ದನಿ ಕೇಳುವ ಆಕರಗಳು ವಿರಳ. ಮೇರಿ ಶೆಲ್ಟನ್, ಮಾರ್ಗರೆಟ್ ಡಗ್ಲಸ್ ಮತ್ತು ಗೆಳತಿಯರು ಪದ್ಯಗಳನ್ನು ಬರೆದುಕೊಂಡ ಡೆವನ್‌ಶೈರ್ ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಲೈಲ್ ಮನೆತನದ ಪತ್ರಗಳು ಉಳಿದದ್ದು 1540ರಲ್ಲಿ ಲಾರ್ಡ್ ಲೈಲ್‌ನನ್ನು ಬಂಧಿಸಿ ಅವನ್ನು ಜಪ್ತಿ ಮಾಡಿದ್ದರಿಂದ. ಮ್ಯೂರಿಯಲ್ ಸೇಂಟ್ ಕ್ಲೇರ್ ಬರ್ನ್ ಸಂಪಾದಿಸಿದ ಅವುಗಳ ಆರು ಸಂಪುಟಗಳು 1981ರಲ್ಲಿ ಪ್ರಕಟವಾದವು.