ಕಬ್ಬಿಣದ ಕಡಲೆ ಯಾರಿಗೆ?

ಕಲಿಯುವವನ ಕೈಗೆ ಒಂದು ಕಾವ್ಯವನ್ನು ಕೊಡುವುದಕ್ಕೆ ಮೊದಲು ಅದು ಅವನ ಅಳವಿಗೆ ನಿಲುಕುವುದೋ ಇಲ್ಲವೋ ಎಂದು ತೂಗಿನೋಡುವ ವಿಚಾರವು ಈಚಿನ ಶಿಕ್ಷಣಶಾಸ್ತ್ರಜ್ಞರ ಸೃಷ್ಟಿಯೆಂದು ಭಾವಿಸುವವರುಂಟು. ನಮ್ಮ ಆಲಂಕಾರಿಕರಿಗೆ ಈ ಚಿಂತೆ ಬಹು ಹಿಂದೆಯೇ ಬಂದಿದ್ದಿತು. ಬಾಯಿಗಿಟ್ಟೊಡನೆ ರಸ ಒಸರುವುದು ದ್ರಾಕ್ಷಾಪಾಕ, ಸಿಪ್ಪೆ ಸುಲಿಯುವಷ್ಟು ಶ್ರಮವನ್ನು ಬೇಡುವುದು ಕದಳೀಪಾಕ, ಕರಟವನ್ನೊಡೆದಲ್ಲದೆ ತಿರುಳು ದೊರೆಯದಿರುವುದು ನಾರಿಕೇಳಪಾಕ ಎಂದು ಅವರು ಕಾವ್ಯಗಳ ಅಂತಸ್ತನ್ನು ನಿಶ್ಚಯಿಸಿದರು. ಭಾರವಿಯ ವಾಣಿಯನ್ನು ತೆಂಗಿನಕಾಯಿಗೆ ಸಮವೆಂದವನು ಅವನ ವ್ಯಾಖ್ಯಾನಕಾರನಾದ ಮಲ್ಲಿನಾಥನೇ ಆಗಿದ್ದಾನೆ. ರಸಬಾಳೆಗೆ ಹೆಸರಾದ ನಂಜನಗೂಡಿನ ಜನಕ್ಕೆ ಈ ಮೂರು ಪಾಕಗಳಲ್ಲಿ ನಡುವಣದರ ಮೇಲೆ ಸಹಜವಾದ ಪಕ್ಷಪಾತವಿದ್ದರೆ ಅದನ್ನು ಆಕ್ಷೇಪಿಸಲಾಗದು. ಆದರೆ ಈ ವರ್ಗೀಕರಣದಲ್ಲಿ ಒಂದು ನ್ಯೂನತೆಯುಂಟು: ಹಣ್ಣನ್ನು ತಿನ್ನುವವನು ಯಾರು, ಅವನ ಹಲ್ಲು ಎಂಥದು ಎಂಬುದನ್ನು ಅದು ವಿಚಾರಿಸುವುದಿಲ್ಲ. ಸಹೃದಯನೆಂಬ ಒಬ್ಬ ಆದರ್ಶ ವಾಚಕನನ್ನು ಕಲ್ಪಿಸಿಕೊಂಡು ಅಲ್ಲಿಗೆ ಶಾಸ್ತ್ರವು ಕೈತೊಳೆದುಕೊಂಡಿತು.

ವಾಸ್ತವದಲ್ಲಿ ಓದುವವರು ಒಂದೇ ಊರಿನವರಲ್ಲ, ಒಂದೇ ಮನೆಮಾತಿನವರಲ್ಲ. ಸಂತಾನವೇಣುಗೋಪಾಲಸ್ವಾಮಿಯ ಸನ್ನಿಧಿಯಿಂದ ಪ್ರಸಿದ್ಧವಾಗಿ, ಕೌಂಡಿನ್ಯ ಮಹರ್ಷಿಯ ಹೆಸರಿನೊಡನೆ ಐತಿಹ್ಯದಲ್ಲಿ ಬೆಸೆದುಕೊಂಡಿರುವ ಹೆಮ್ಮರಗಾಲದಂಥ ಗ್ರಾಮವನ್ನೇ ತೆಗೆದುಕೊಳ್ಳಬಹುದು. ಕಪಿಲೆಯ ದಡದ ನಂಜನಗೂಡಿನಿಂದ ಅವಳು ಕಾವೇರಿಯನ್ನು ಕೂಡುವ ತಿರುಮಕೂಡಲಿನವರೆಗೆ ಹಬ್ಬಿದ ಈ ಸೀಮೆಯ ಆಡುಮಾತಿನಲ್ಲಿ ಹಕಾರವು ಜಾರಿ ಹೊಲವು ‘ಒಲ’ವಾಗುತ್ತದೆ, ಹಸುವು ‘ಅಸು’ವಾಗುತ್ತದೆ. ಇದೇ ಸೀಮೆಯ ಸೋಸಲೆಯಿಂದ ಗರಳಪುರೀ ಶಾಸ್ತ್ರಿಗಳೂ ಅವರ ಪುತ್ರರಾದ ಅಯ್ಯಾಶಾಸ್ತ್ರಿಗಳೂ ಹೊರಟು ಮೈಸೂರಿನ ಅರಮನೆಯಲ್ಲಿ ವಿದ್ವಾಂಸರಾಗಿ ಮೆರೆದರು. ಇದೇ ಸೀಮೆಯಲ್ಲಿ ಅಕ್ಷರವನ್ನೇ ಕಾಣದ ನೀಲಗಾರರು ತಂಬೂರಿ ಹಿಡಿದು ರಾತ್ರಿಯುದ್ದಕ್ಕೂ ಮಂಟೇಸ್ವಾಮಿಯ ಕಾವ್ಯವನ್ನು ಹಾಡಿದರು. ಇವರೆಲ್ಲರಿಗೂ ಒಂದೇ ಅಳತೆಗೋಲು ಸಲ್ಲುವುದೆಂತು?

ಪೂರ್ವಕಾಲದ ಕೂಲಿಮಠಗಳು ಈ ಪ್ರಶ್ನೆಯನ್ನು ಎತ್ತಿಕೊಳ್ಳಲೇ ಇಲ್ಲ. ಅವುಗಳ ವಿಷಯವಾಗಿ ನಮಗೆ ದೊರೆತಿರುವ ವಿವರವಾದ ಸಾಕ್ಷ್ಯವು ಮೈಸೂರು ಸಂಸ್ಥಾನದ್ದಲ್ಲ, ಮದರಾಸಿನ ಆಧಿಪತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯದು. ಅಲ್ಲಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಸರ್ಕಾರಕ್ಕೆ ಬರೆದ ವರದಿಯಲ್ಲಿ 533 ಮಠಗಳ, ಅವುಗಳಲ್ಲಿ ಓದುತ್ತಿದ್ದ 6,641 ವಿದ್ಯಾರ್ಥಿಗಳ ಲೆಕ್ಕವಿದೆ. ಐದನೆಯ ವರ್ಷದಲ್ಲಿ ಗಣಪತಿಯ ಮುಂದೆ ಅಕ್ಕಿಯ ಮೇಲೆ ಬೆರಳಿನಿಂದ ಅಕ್ಷರ ಬರೆಯಿಸಿ, ಅನಂತರ ಮಠದ ಮರಳಿನ ಮೇಲೆ ತಿದ್ದಿಸಿ, ಅಲ್ಲಿಂದ ಮುಂದಕ್ಕೆ ಆ ಮಕ್ಕಳಿಗೆ ಓದಿಸುತ್ತಿದ್ದುದು ಏನು? ರಾಮಾಯಣ, ಭಾರತ, ಭಾಗವತಗಳು. ವೀರಶೈವರ ಮಕ್ಕಳಿಗಾದರೆ ಬಸವಪುರಾಣ, ಗಿರಿಜಾಕಲ್ಯಾಣ. ಹಗುರವಾದ ಓದಿಗೆ ಪಂಚತಂತ್ರ, ಬೇತಾಳ ಪಂಚವಿಂಶತಿ. ಗಿರಿಜಾಕಲ್ಯಾಣವೆಂದರೆ ಹರಿಹರನ ಚಂಪೂ, ಇಂದು ಕನ್ನಡ ಎಂ.ಎ. ವಿದ್ಯಾರ್ಥಿಯೂ ನಿಘಂಟಿನ ನೆರವಿಲ್ಲದೆ ಪ್ರವೇಶಿಸಲಂಜುವ ಹಳಗನ್ನಡ! ಅಕ್ಷರಗಳು ಪರಿಚಿತವಾದರೂ ಭಾಷೆ ಆಡುಮಾತಿಗಿಂತ ತೀರ ಬೇರೆಯಾದುದರಿಂದ ಹುಡುಗರು ನೂರಾರು ಪದ್ಯಗಳನ್ನು ಅರ್ಥವರಿಯದೆ ಗಿಳಿಯಂತೆ ಒಪ್ಪಿಸುತ್ತಾರೆಂದು ಕ್ಯಾಂಪ್‌ಬೆಲ್ ಮರುಗಿದನು.

ಆತನ ಮರುಕದಲ್ಲಿ ಸತ್ಯವಿಲ್ಲದಿಲ್ಲ. ಆದರೂ ಒಂದು ಮಾತನ್ನು ಆತನು ಲಕ್ಷಿಸಲಿಲ್ಲ. ಮಠದ ಅಯ್ಯನವರ ಎಣಿಕೆಯಲ್ಲಿ ಓದು ಮೊದಲು ಬಾಯಿಗೆ ಸಂಬಂಧಿಸಿದ ವ್ಯಾಪಾರ. ಅರ್ಥವು ಎಂದಾದರೊಂದು ದಿನ, ಪುರಾಣ ಕೇಳುವಾಗಲೋ ಗಮಕಿಯ ಮುಂದೆ ಕುಳಿತಾಗಲೋ, ತಾನಾಗಿ ಒದಗತಕ್ಕದ್ದು. ಹೀಗೆ ಅರ್ಥವನ್ನು ಸಾಲವಾಗಿ ಬಿಟ್ಟು ಶಬ್ದವನ್ನು ಮಾತ್ರ ನಗದಾಗಿ ವಸೂಲು ಮಾಡುವ ಪದ್ಧತಿಯಲ್ಲಿ ಹಲವರ ಸಾಲ ಕಡೆಯವರೆಗೂ ತೀರದೆ ಉಳಿದುದೂ ನಿಜವೇ. ಕ್ಯಾಂಪ್‌ಬೆಲ್ ವರದಿ ಬರೆದ ಆ 1823ರಲ್ಲಿಯೇ ಮೈಸೂರಿನಲ್ಲಿ ಕೆಂಪುನಾರಾಯಣನು ಮುದ್ರಾಮಂಜೂಷವೆಂಬ ಗದ್ಯಗ್ರಂಥವನ್ನು ಹಳಗನ್ನಡದ ಬಿಗಿಯನ್ನು ಸಡಿಲಿಸಿ, ಹೊಸಗನ್ನಡವನ್ನು ಬೆರೆಸಿ ರಚಿಸಿದನು. ಪದ್ಯವನ್ನು ಬಿಟ್ಟು ಗದ್ಯಕ್ಕೆ ಬಂದ ಈ ಹೆಜ್ಜೆಯನ್ನು ಓದುಗನ ಕಷ್ಟವನ್ನು ಗ್ರಂಥಕರ್ತನೇ ಹಂಚಿಕೊಂಡ ಒಂದು ಒಡಂಬಡಿಕೆಯೆಂದು ನಾನು ತಿಳಿಯುತ್ತೇನೆ.

ಗಮಕಿಯ ವಿಷಯವನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಮಳೆ ತಡೆದ ವರ್ಷ ವಿರಾಟಪರ್ವವನ್ನು ಓದಿಸಿದರೆ ಮಳೆಯಾಗುವುದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ವ್ಯಾಪಕವಾಗಿದ್ದಿತು. ದೇವಸ್ಥಾನದ ಜಗಲಿಯಲ್ಲಿ ಒಬ್ಬನು ಭಾಮಿನೀಷಟ್ಪದಿಯನ್ನು ರಾಗವಾಗಿ ವಾಚಿಸುವನು, ಪಕ್ಕದಲ್ಲಿ ಕುಳಿತ ಮತ್ತೊಬ್ಬನು ಅದನ್ನು ಬಿಡಿಸಿ ಅರ್ಥ ಹೇಳುವನು. ಬರಹದಲ್ಲಿ ಸಂಧಿಸಮಾಸಗಳು ಪದಗಳನ್ನು ಒಂದರೊಳಗೊಂದು ಹೆಣೆದುಬಿಡುತ್ತವೆ. ತಾಳೆಯೋಲೆಯ ಪ್ರತಿಯಲ್ಲಂತೂ ಪದಕ್ಕೂ ಪದಕ್ಕೂ ನಡುವೆ ತೆರಪೇ ಇರುವುದಿಲ್ಲ. ವಾಚಕನು ಉಸಿರು ನಿಲ್ಲಿಸುವ ಎಡೆಯಲ್ಲಿ ಆ ಹೆಣಿಗೆ ಬಿಚ್ಚಿಕೊಂಡು ಕರ್ತೃವೂ ಕ್ರಿಯೆಯೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತವೆ. ಉತ್ತರನ ಪೌರುಷವನ್ನೂ ಕೀಚಕನ ಗತಿಯನ್ನೂ ಕೇಳುಗರು ಮೊದಲೇ ಬಲ್ಲರು. ಕಥೆ ತಿಳಿದವನಿಗೆ ಮಾತು ಅರ್ಧ ತಿಳಿದಂತೆಯೇ. ಆದಕಾರಣ ಸಹಿ ಹಾಕಲು ಬಾರದ ಮುದುಕಿಗೂ ಕುಮಾರವ್ಯಾಸನು ದುರ್ಗಮನಾಗಲಿಲ್ಲ.

ಈ ಅನುಕೂಲಗಳಾವುವೂ ಇಲ್ಲದ ಹೊಸಬಗೆಯ ವಿದ್ಯಾರ್ಥಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಕಾಣಿಸಿಕೊಂಡನು. ಕಂಪೆನಿಯ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸುವ ಸಲುವಾಗಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜು 1812ರಲ್ಲಿ ಸ್ಥಾಪಿತವಾಯಿತು. 1820ರಲ್ಲಿ ಮೆಕೆರಲ್ಲನ ಕರ್ಣಾಟಕ ವ್ಯಾಕರಣವೂ, ಅನಂತರ ರೀವನ ನಿಘಂಟುಗಳೂ ಹೊರಟವು. ಕಿವಿಯಿಂದ ಕಣ್ಣಿಗೆ ಕಲಿಕೆಯು ವರ್ಗವಾದುದು ಇಲ್ಲಿಯೇ. ಮ್ಯೋಗ್ಲಿಂಗನು ಮಂಗಳೂರಿನಲ್ಲಿ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದನು; ವೆಸ್ಲಿಯನ್ ಮಿಷನ್ನಿನ ಡ್ಯಾನಿಯಲ್ ಸ್ಯಾಂಡರ್ಸನ್ನನು ಲಕ್ಷ್ಮೀಶನ ಜೈಮಿನಿಭಾರತವನ್ನು ಅನುವಾದ ಟಿಪ್ಪಣಿಗಳೊಡನೆ 1852ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದನು. ಜೈಮಿನಿಯನ್ನೇ ಆರಿಸಿದುದು ಆಕಸ್ಮಿಕವಲ್ಲ. ಮಠದ ಹುಡುಗನಿಗೂ ಪಾದ್ರಿಗೂ ಅದೇ ಪರೀಕ್ಷಾಗ್ರಂಥವಾಗಿ ಪರಿಣಮಿಸಿದ್ದಿತು. ಆದರೆ ಇಬ್ಬರೂ ಎಡವುತ್ತಿದ್ದ ಸ್ಥಳಗಳು ಒಂದೇ ಆಗಿರಲಿಲ್ಲ. ಚಂದ್ರಹಾಸನನ್ನು ಕೊಲ್ಲಿಸಲು ಬರೆದ ಓಲೆಯನ್ನು ವಿಷಯೆಯು ತಿದ್ದಿ, ವಿಷದ ಆಜ್ಞೆಯನ್ನು ತನ್ನ ವಿವಾಹದ ಆಜ್ಞೆಯಾಗಿ ಮಾರ್ಪಡಿಸುವ ಪ್ರಸಂಗವು ಇಲ್ಲಿಯ ಮಕ್ಕಳಿಗೆ ಅಜ್ಜಿಯ ಕಥೆಯಿಂದಲೋ ತಾಳಮದ್ದಳೆ ಬಯಲಾಟಗಳಿಂದಲೋ ಬಂದ ಸ್ವತ್ತು. ಪಾದ್ರಿಗಾದರೆ ಅದು ಟಿಪ್ಪಣಿ ಬೇಡುವ ಸಮಸ್ಯೆ. ಅದೇ ಪಾದ್ರಿಯು ಸಂಸ್ಕೃತವನ್ನು ಸ್ವಲ್ಪ ಬಲ್ಲವನಾಗಿದ್ದರೆ ದೀರ್ಘಸಮಾಸವನ್ನು ಅನಾಯಾಸವಾಗಿ ಬಿಡಿಸಿ, ‘ಒಕ್ಕಲು’, ‘ಕಣ’, ‘ಗೊರಗ’ ಮುಂತಾದ ಹೊಲಮನೆಯ ಮಾತಿನೆದುರಿಗೆ ಕೈಚೆಲ್ಲಿ ನಿಲ್ಲುತ್ತಿದ್ದನು. ಕಿಟ್ಟೆಲ್ಲನು 1894ರಲ್ಲಿ ಮುದ್ರಿಸಿದ, ಸುಮಾರು 70,000 ಶಬ್ದಗಳ ಮಹಾಕೋಶದಲ್ಲಿ ಗಾದೆಗಳಿಗೂ ಆಡುಮಾತಿಗೂ ಅಷ್ಟು ಹೇರಳವಾಗಿ ಸ್ಥಳ ದೊರೆತುದಕ್ಕೆ ಈ ಅನುಭವವೂ ಕಾರಣವಾಗಿದ್ದೀತು. ಅದೇ ವರ್ಷ ರೈಸನು ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನೊಳಗೊಂಡ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟವನ್ನು ಹೊರತಂದನು. ಊರವರು ದನ ಕಟ್ಟುತ್ತಿದ್ದ ಕಲ್ಲಿನ ಬರಹವನ್ನು ಆ ಊರಿನವರಲ್ಲದವರು ಓದಿ ಹೇಳಬೇಕಾಯಿತು.

ಆ ರೈಸನೇ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ಸಿದ್ಧಪಡಿಸಿ ಕೂಲಿಮಠಗಳ ಯುಗಕ್ಕೆ ಮಂಗಳ ಹಾಡಿದ್ದನು. ಅಲ್ಲಿಂದ ಮುಂದೆ ಇಲಾಖೆಯ ವಾಚಕಮಾಲೆಗಳು ಮೊದಲನೆಯದು, ಎರಡನೆಯದು, ಮೂರನೆಯದೆಂದು ಮೆಟ್ಟಿಲುಮೆಟ್ಟಿಲಾಗಿ ಬಂದವು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಕಾಲಾನುಕ್ರಮದಲ್ಲಿ ಪ್ರವೇಶ, ಕಾವ, ಜಾಣ, ರತ್ನವೆಂಬ ಪರೀಕ್ಷೆಗಳ ಏಣಿಯನ್ನು ನಿಲ್ಲಿಸಿತು. ಎರಡರಲ್ಲಿಯೂ ಕಾಠಿನ್ಯದ ನಿರ್ಣಯವು ಬಹುಮಟ್ಟಿಗೆ ಕಾಲದ ನಿರ್ಣಯವಾಗಿದ್ದಿತು: ಹೊಸಗನ್ನಡ ಕೆಳಗೆ, ನಡುಗನ್ನಡ ನಡುವೆ, ಹಳಗನ್ನಡ ಮೇಲೆ. ಪಂಪನು ಹಳಬನಾದುದರಿಂದ ಕಠಿನ, ನೆನ್ನೆಯ ಕಾದಂಬರಿಕಾರನು ಹೊಸಬನಾದುದರಿಂದ ಸುಲಭ ಎಂಬ ಈ ಊಹೆಯ ಫಲವನ್ನು ಮುಂದೆ ಕಾಣುತ್ತೇವೆ.

ಇದರ ನಡುವೆ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯು ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿಯಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ನಡೆಯಿಸಿ, ಹೊಸದಾಗಿ ಅಕ್ಷರ ಕಲಿತವರಿಗೆಂದೇ ‘ಬೆಳಕು’ ಎಂಬ ವಾರಪತ್ರಿಕೆಯನ್ನು ಹೊರಡಿಸಿತು. ಒಕ್ಕಲುತನ ಬಲ್ಲ ನಲವತ್ತರ ಗೃಹಸ್ಥನಿಗೆ ಮಕ್ಕಳ ಪುಸ್ತಕವು ಬಾಲಿಶವಾಗುತ್ತದೆ, ಪಂಡಿತರ ಪುಸ್ತಕವು ಭಾರವಾಗುತ್ತದೆ. ವಿಷಯದಲ್ಲಿ ಪ್ರೌಢವಾಗಿ ಮಾತಿನಲ್ಲಿ ಸರಳವಾಗಿರಬೇಕಾದ ಬರಹದ ಅಗತ್ಯವು ನಮ್ಮಲ್ಲಿ ಸ್ಪಷ್ಟವಾದುದು ಆಗ.

ಯುರೋಪಿನ ಉತ್ತರದಲ್ಲಿ ಇದೇ ಅಗತ್ಯಕ್ಕೆ ಗಣಿತವು ಉತ್ತರವನ್ನೀಯಲು ಹೊರಟಿತು. ಸ್ವೀಡನ್ನಿನ ಕಾರ್ಲ್-ಹ್ಯೂಗೊ ಬ್ಯೋರ್ನ್‌ಸನ್ 1968ರಲ್ಲಿ ಲಿಕ್ಸ್ ಎಂಬ ಸೂತ್ರವನ್ನು ಪ್ರಚುರಪಡಿಸಿದನು. ಒಂದು ವಾಕ್ಯಕ್ಕೆ ಸರಾಸರಿ ಎಷ್ಟು ಪದಗಳೆಂಬುದಕ್ಕೆ, ಆರಕ್ಕಿಂತ ಹೆಚ್ಚು ಅಕ್ಷರಗಳುಳ್ಳ ಪದಗಳು ಶೇಕಡ ಎಷ್ಟೆಂಬುದನ್ನು ಕೂಡಿಸುವುದು; ಮೊತ್ತವು 30ರ ಒಳಗಿದ್ದರೆ ಮಕ್ಕಳ ಪುಸ್ತಕ, 60ನ್ನು ದಾಟಿದರೆ ಕಚೇರಿಯ ಘೋರಗದ್ಯ. ಇದನ್ನು ನಮ್ಮ ಮಾತಿಗೆ ಹಚ್ಚಿನೋಡುವ ಕುತೂಹಲವನ್ನು ತಡೆಯಲಾರದೆ ಸಾಧಾರಣವಾದ ಒಂದು ವಾಕ್ಯವನ್ನು ಆರಿಸಿಕೊಂಡೆನು: ‘ನಾಳೆ ಸಂತೆಗೆ ಹೋಗಬೇಕಾಗಿರುವುದರಿಂದ ಈಗಲೇ ಮಲಗಿಕೊಳ್ಳೋಣ.’ ಪದಗಳು ಐದು. ಸ್ವರವ್ಯಂಜನಗಳನ್ನು ಬೇರೆಬೇರೆಯಾಗಿ ಎಣಿಸಿದರೆ ಮೂರು ಪದಗಳು ಆರನ್ನು ಮೀರುತ್ತವೆ; ಶೇಕಡ 60ಕ್ಕೆ 5 ಸೇರಿ 65, ಅಂದರೆ ಸರ್ಕಾರಿ ಸುತ್ತೋಲೆಗಿಂತ ದುರ್ಬೋಧ! ನಾವು ಬರೆಯುವಂತೆ ಗುಣಿತಾಕ್ಷರವನ್ನೂ ಒತ್ತಕ್ಷರವನ್ನೂ ಒಂದೊಂದಾಗಿ ಎಣಿಸಿದರೆ ‘ಹೋಗಬೇಕಾಗಿರುವುದರಿಂದ’ ಎಂಬುದೊಂದೇ ಉದ್ದವಾದ ಪದ. ಮೊತ್ತ 25, ಶಿಶುಪಾಠ. ಎಣಿಸುವ ಕ್ರಮವೊಂದನ್ನು ಬದಲಿಸಿದ ಮಾತ್ರಕ್ಕೆ ಸುತ್ತೋಲೆಯು ಶಿಶುಪಾಠವಾಗುವುದಾದರೆ ಆ ತಕ್ಕಡಿಯಲ್ಲಿ ಕನ್ನಡವನ್ನಿಟ್ಟು ತೂಗುವುದು ವ್ಯರ್ಥವೇ ಸರಿ. ಸ್ವೀಡಿಷ್ ಭಾಷೆಯಲ್ಲಿಯೂ ಅದು ಕಾಣದ ಸಂಗತಿಗಳುಂಟು. ಸೆಲ್ಮಾ ಲಾಗರ್‌ಲೋಫ್ 1906ರಲ್ಲಿ ಶಾಲೆಯ ಮಕ್ಕಳಿಗೆಂದೇ ಬರೆದ ನಿಲ್ಸ್ ಹೋಲ್ಗರ್‌ಸನ್ನನ ಪ್ರವಾಸಕಥೆಯಲ್ಲಿ ಈಗ ಬಳಕೆತಪ್ಪಿದ ಬಹುವಚನದ ಕ್ರಿಯಾರೂಪಗಳಿವೆ. ಅಂದಿನ ಬಾಲಕನು ಗಮನಿಸದೆ ದಾಟಿದ ಆ ರೂಪಗಳೆದುರು ಇಂದಿನ ಪರದೇಶದ ವಿದ್ಯಾರ್ಥಿಯು ತಡೆದು ನಿಲ್ಲುತ್ತಾನೆ.

ಪರಭಾಷಿಕರಿಗೆ ಕನ್ನಡವನ್ನು ಕಲಿಸುವ ಕಾರ್ಯವು ಮೈಸೂರಿನಲ್ಲಿಯೇ ವ್ಯವಸ್ಥಿತವಾಗಿ ನೆಲೆಗೊಂಡಿತು. 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನವು ಡಿ. ಪಿ. ಪಟ್ಟನಾಯಕರ ನಿರ್ದೇಶನದಲ್ಲಿ ಆರಂಭವಾಗಿ, ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರವು ಬೇರೆ ಪ್ರಾಂತಗಳ ಉಪಾಧ್ಯಾಯರಿಗೆ ಕನ್ನಡವನ್ನೂ ಅದರ ಸೋದರಭಾಷೆಗಳನ್ನೂ ಹತ್ತು ತಿಂಗಳಲ್ಲಿ ಕಲಿಸತೊಡಗಿತು. ಹಿಂದಿಯವನಿಗೆ ತತ್ಸಮಗಳಿಂದ ತುಂಬಿದ ಗದ್ಯವು ತವರುಮನೆಯಂತಿದ್ದು ಅಚ್ಚಗನ್ನಡದ ಕಥೆಯು ಕಾಡಾಗುತ್ತದೆ. ತಮಿಳರವನಿಗೆ ಅಚ್ಚಗನ್ನಡವು ದಾಯಾದಿಯ ಮಾತು, ಮಹಾಪ್ರಾಣಗಳಿಂದ ಕಿಕ್ಕಿರಿದ ಸಮಾಸವೇ ಕಂಟಕ. ಒಂದೇ ಪಾಠವು ಒಂದೇ ತರಗತಿಯ ಎರಡು ಬೆಂಚುಗಳಲ್ಲಿ ಎರಡು ಭಾರವನ್ನು ಪಡೆಯುವುದು ಹೀಗೆ.

ನಂಜನಗೂಡು ಸೀಮೆಯು ಈ ಚರ್ಚೆಗೆ ಒದಗಿಸಿದ ಮುಖ್ಯವಾದ ಸಾಕ್ಷ್ಯವು ಇನ್ನೂ ಉಳಿದಿದೆ. ಲಕ್ಷ್ಮೀಶನ ದೇವನೂರು ಕಡೂರಿನ ಕಡೆಯದು. ಹೆಮ್ಮರಗಾಲವಿರುವ ಸೀಮೆಯಲ್ಲಿ ಅದೇ ಹೆಸರಿನ ಇನ್ನೊಂದು ಊರುಂಟು, ಅಲ್ಲಿಯವರಾದ ದೇವನೂರ ಮಹಾದೇವರು 1984ರಲ್ಲಿ ಕುಸುಮಬಾಲೆಯನ್ನು ಪ್ರಕಟಿಸಿದರು. ಮುದ್ರಣದಲ್ಲಿ ಇದು ನೆನ್ನೆಯ ಕನ್ನಡ. ಪರಿಷತ್ತಿನ ಏಣಿಯ ನ್ಯಾಯದಂತೆ ಕೆಳಮೆಟ್ಟಿಲಿನಲ್ಲಿರಬೇಕಾದುದು. ಆದರೆ ಬೆಂಗಳೂರಿನಲ್ಲಿಯೂ ಧಾರವಾಡದಲ್ಲಿಯೂ ಪಂಪನನ್ನು ಪಾಠ ಹೇಳಬಲ್ಲ ವಿದ್ವಾಂಸರು ಇದರ ಮೊದಲ ಪುಟಗಳಲ್ಲಿಯೇ ತಡವರಿಸಿದರು. ಕನ್ನಡಕ್ಕೆ ಅನುವಾದವಾಗಬೇಕಾದ ಕನ್ನಡ ಪುಸ್ತಕವೆಂಬ ವಿನೋದವೂ ಹಬ್ಬಿತು. ಹಕಾರ ಜಾರಿದ ಮಾತು, ನೀಲಗಾರರ ಹಾಡಿನಿಂದ ಬಂದ ಲಯ, ರಾತ್ರಿ ಒಂದೆಡೆ ಕೂಡಿ ತಮ್ಮ ಮನೆಗಳ ಸುದ್ದಿಯನ್ನು ಮಾತನಾಡಿಕೊಳ್ಳುವ ಜೋತಮ್ಮಗಳು ಎಂಬಿವೆಲ್ಲವೂ ಕಣ್ಣಿಗೆ ಅಪರಿಚಿತವಾಗಿ ಕಂಡವು. 1990ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಸೂಸನ್ ಡೇನಿಯಲ್ ಅವರ ಇಂಗ್ಲಿಷ್ ಅನುವಾದವು 2015ರಲ್ಲಿ ಹೊರಬಿದ್ದಿತು. ಇಲ್ಲಿಯ ಹಳ್ಳಿಯ ಮನೆಗಳಲ್ಲಿ ಅದನ್ನು ಗಟ್ಟಿಯಾಗಿ ಓದಿದರೆ ಅರ್ಥ ಹೇಳುವ ವ್ಯಾಖ್ಯಾನಕಾರನ ಅವಶ್ಯಕತೆ ಬೀಳುವುದಿಲ್ಲ.

ಹೊರಗಿನಿಂದ ಬಂದು ಕನ್ನಡ ಕಲಿಯುವವರಿಗೆ ಕುಸುಮಬಾಲೆಯನ್ನು ಯಾವ ಮೆಟ್ಟಿಲಿನಲ್ಲಿ ಇಡಬೇಕೆಂದು ಉಪಾಧ್ಯಾಯರು ಕೇಳುವುದಾದರೆ ನನ್ನ ಅಭಿಪ್ರಾಯ ಇಷ್ಟು: ಈ ಸೀಮೆಯವರೊಬ್ಬರ ಬಾಯಿಂದ ಓದಿಸಿ, ಎರಡು ಮೂರು ಸಲ ಕೇಳಿಸಿ, ಆಮೇಲೆ ಪುಸ್ತಕವನ್ನು ಕೈಗೆ ಕೊಡುವುದಾದರೆ ಹತ್ತು ತಿಂಗಳ ಶಿಕ್ಷಣದ ಕೊನೆಯ ಭಾಗದಲ್ಲಿಯೇ ಕೆಲವು ಅಧ್ಯಾಯಗಳನ್ನು ಇಡಬಹುದು. ನಿಘಂಟನ್ನೂ ಪುಸ್ತಕವನ್ನೂ ಮಾತ್ರ ಮುಂದಿಟ್ಟು ಕೂರಿಸುವುದಾದರೆ ಎಂ.ಎ. ತರಗತಿಯವರೆಗೂ ಅದನ್ನು ತಡೆದಿರುವುದು ಮೇಲು.