ಬಿಳಿ ಬೆಳಕು ಮತ್ತು ಬಣ್ಣದ ಗ್ರಹಿಕೆ

ಬಿಳಿ ಬೆಳಕು ಎಂಬುದು ಬೇರೆ ಬೇರೆ ತರಂಗಾಂತರಗಳ ಕಿರಣಗಳು ಕೂಡಿ, ಮನುಷ್ಯನ ಕಣ್ಣಿಗೆ ಬಣ್ಣವಿಲ್ಲದಂತೆ ತೋರುವ ಬೆಳಕು. ಕಣ್ಣಿಗೆ ಗೋಚರವಾಗುವ ತರಂಗಾಂತರಗಳ ವ್ಯಾಪ್ತಿ ಸುಮಾರು 380ರಿಂದ 750 ನ್ಯಾನೊಮೀಟರ್. ಇವುಗಳಲ್ಲಿ ಯಾವ ಒಂದು ತರಂಗಾಂತರವೂ ಒಂಟಿಯಾಗಿ ಬಿಳಿಯಾಗಿ ಕಾಣುವುದಿಲ್ಲ. ಆದ್ದರಿಂದ ಬಿಳುಪು ಎಂಬುದು ಬೆಳಕಿನ ಗುಣವಷ್ಟೇ ಅಲ್ಲ, ಕಣ್ಣು ಮತ್ತು ಮೆದುಳು ಆ ಬೆಳಕನ್ನು ಗ್ರಹಿಸುವ ರೀತಿಯೂ ಹೌದು.

ಬೆಳಕಿನ ವಿಭಜನೆ

ಪಟ್ಟಕದಲ್ಲಿ ಕಾಣುವ ಬಣ್ಣಗಳು ಗಾಜಿನಿಂದಲೇ ಹುಟ್ಟುತ್ತವೆ ಎಂಬ ನಂಬಿಕೆ ಹಿಂದೆ ಇತ್ತು. 1666ರ ಸುಮಾರಿಗೆ ಐಸಾಕ್ ನ್ಯೂಟನ್ ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ನೇರಳೆಯಿಂದ ಕೆಂಪಿನವರೆಗಿನ ರೋಹಿತವನ್ನು ಪಡೆದರು. ಬೇರ್ಪಟ್ಟ ಒಂದು ಬಣ್ಣವನ್ನು ಇನ್ನೊಂದು ಪಟ್ಟಕದಲ್ಲಿ ಹಾಯಿಸಿದಾಗ ಅದು ಬದಲಾಗಲಿಲ್ಲ. ಎಲ್ಲ ಬಣ್ಣಗಳನ್ನು ಮತ್ತೆ ಕೂಡಿಸಿದಾಗ ಬಿಳಿ ಬೆಳಕು ಮರಳಿ ದೊರೆಯಿತು. ಕಿರಣಗಳಿಗೆ ಸ್ವತಃ ಬಣ್ಣವಿಲ್ಲ, ಬಣ್ಣದ ಸಂವೇದನೆಯನ್ನು ಹುಟ್ಟಿಸುವ ಶಕ್ತಿ ಮಾತ್ರ ಇದೆ ಎಂದು ಅವರು 1704ರ 'ಆಪ್ಟಿಕ್ಸ್' ಗ್ರಂಥದಲ್ಲಿ ಸ್ಪಷ್ಟಪಡಿಸಿದರು.

ಕಣ್ಣಿನ ಪಾತ್ರ

ಅಕ್ಷಿಪಟಲದಲ್ಲಿ ಮೂರು ಬಗೆಯ ಶಂಕುಕೋಶಗಳಿವೆ. ಅವು ಕ್ರಮವಾಗಿ ಕಿರಿದಾದ, ಮಧ್ಯಮ ಮತ್ತು ಉದ್ದವಾದ ತರಂಗಾಂತರಗಳಿಗೆ ಹೆಚ್ಚಾಗಿ ಸ್ಪಂದಿಸುತ್ತವೆ. ಮೂರೂ ಸಮತೋಲನದಲ್ಲಿ ಪ್ರಚೋದನೆಗೊಂಡಾಗ ಬಿಳಿಯ ಅನುಭವವಾಗುತ್ತದೆ. ಇದಕ್ಕೆ ಇಡೀ ರೋಹಿತ ಬೇಕಾಗಿಲ್ಲ. ತಕ್ಕ ಪ್ರಮಾಣದ ನೀಲಿ ಮತ್ತು ಹಳದಿ ಬೆಳಕು ಕೂಡಿದರೂ ಸಾಕು. ಮನೆಗಳಲ್ಲಿ ಬಳಸುವ ಹೆಚ್ಚಿನ ಬಿಳಿ ಎಲ್‌ಇಡಿ ದೀಪಗಳು ಈ ತತ್ತ್ವವನ್ನೇ ಅವಲಂಬಿಸಿವೆ. ಮಂದ ಬೆಳಕಿನಲ್ಲಿ ಶಂಕುಕೋಶಗಳ ಬದಲು ದಂಡಕೋಶಗಳು ಕೆಲಸ ಮಾಡುವುದರಿಂದ ಕತ್ತಲಲ್ಲಿ ವಸ್ತುಗಳ ಆಕಾರ ಕಂಡರೂ ಬಣ್ಣ ತಿಳಿಯುವುದಿಲ್ಲ.

1948ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದ ಸಿ. ವಿ. ರಾಮನ್ ತಮ್ಮ ಇಳಿವಯಸ್ಸಿನಲ್ಲಿ ಹೂವುಗಳ ವರ್ಣ ಮತ್ತು ದೃಷ್ಟಿಯ ಅಧ್ಯಯನದಲ್ಲಿ ತೊಡಗಿದ್ದರು. ದೃಷ್ಟಿಯನ್ನು ಕುರಿತ ಅವರ ಗ್ರಂಥ 1968ರಲ್ಲಿ ಪ್ರಕಟವಾಯಿತು.

ವಸ್ತುಗಳ ಬಣ್ಣ

ವಸ್ತುವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಲವು ತರಂಗಾಂತರಗಳನ್ನು ಹೀರಿಕೊಂಡು ಉಳಿದವನ್ನು ಪ್ರತಿಫಲಿಸುತ್ತದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ಬಳಿಯ ಹಿರೇಬೆಣಕಲ್ಲಿನಲ್ಲಿ ಪ್ರಾಗೈತಿಹಾಸಿಕ ಕಾಲದ ಬಂಡೆಚಿತ್ರಗಳಿವೆ. ಅವುಗಳಲ್ಲಿ ಬಳಸಿದ ಕಾವಿಮಣ್ಣಿನ ಕಬ್ಬಿಣದ ಆಕ್ಸೈಡ್ ನೀಲಿ ಮತ್ತು ಹಸಿರು ಭಾಗವನ್ನು ಹೀರಿಕೊಳ್ಳುವುದರಿಂದ ಚಿತ್ರಗಳು ಕೆಂಪಾಗಿ ಕಾಣುತ್ತವೆ. ಕೊಪ್ಪಳ ಸಮೀಪದ ಕಿನ್ನಾಳದ ಮರದ ಗೊಂಬೆಗಳ ಬಣ್ಣಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅಲ್ಲಿನ ಕೆಂಪು ಗೊಂಬೆಯನ್ನು ಶುದ್ಧ ಹಸಿರು ಬೆಳಕಿನಲ್ಲಿ ಇಟ್ಟರೆ ಅದು ಕಪ್ಪಾಗಿ ಕಾಣುತ್ತದೆ.

ಬೆಳಕುಗಳನ್ನು ಬೆರೆಸಿದರೆ ಬಿಳಿಯತ್ತ ಸಾಗುತ್ತವೆ. ಬಣ್ಣದ ಪುಡಿಗಳನ್ನು ಬೆರೆಸಿದರೆ ಪ್ರತಿಯೊಂದೂ ಇನ್ನಷ್ಟು ಬೆಳಕನ್ನು ಹೀರಿಕೊಳ್ಳುವುದರಿಂದ ಕಪ್ಪಿನತ್ತ ಸಾಗುತ್ತವೆ. ವಿದ್ಯಾರ್ಥಿಗಳು ಈ ಎರಡನ್ನು ಒಂದೇ ಎಂದು ಭಾವಿಸುವುದು ಸಾಮಾನ್ಯ.

ವರ್ಣಾಂಧತೆ

ಶಂಕುಕೋಶಗಳ ಒಂದು ಬಗೆ ಇಲ್ಲದಿದ್ದರೆ ಅಥವಾ ಭಿನ್ನವಾಗಿದ್ದರೆ ಕೆಲವು ಬಣ್ಣಗಳ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಕೆಂಪು-ಹಸಿರು ವರ್ಣಾಂಧತೆಗೆ ಕಾರಣವಾದ ಜೀನ್‌ಗಳು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಇದು ಪುರುಷರಲ್ಲಿ ಹೆಚ್ಚು. ಇದು ಬುದ್ಧಿಯ ಕೊರತೆಯಲ್ಲ, ಅಲಕ್ಷ್ಯವೂ ಅಲ್ಲ. ನಕಾಶೆಯಲ್ಲಿ ಕೆಂಪು ಮತ್ತು ಹಸಿರು ಪ್ರದೇಶಗಳನ್ನು ಗುರುತಿಸಲಾರದ ಮಗುವಿಗೆ ತನ್ನ ದೃಷ್ಟಿ ಇತರರಿಗಿಂತ ಭಿನ್ನವೆಂಬುದೇ ಎಷ್ಟೋ ಸಲ ತಿಳಿದಿರುವುದಿಲ್ಲ. ಬಣ್ಣದೊಂದಿಗೆ ಅಕ್ಷರ, ಗೆರೆ ಅಥವಾ ಚುಕ್ಕೆಗಳ ಗುರುತನ್ನೂ ಬಳಸಿದರೆ ಅಂತಹ ಮಕ್ಕಳು ಇತರರಂತೆಯೇ ಕಲಿಯಬಲ್ಲರು.